ಮೂರನೆಯ ಹೂಜಿ

ವನಮಾಲಾ ನನಗೆ ಏನು ಹೇಳಿದಳು ಎಂಬುದು ತಿಳಿಯಲು ನೂರ ಹತ್ತೊಂಬತ್ತು ದಿನ ಹಿಡಿಯಿತು. ಸರಿಯಾಗಿ ಹದಿನೇಳು ವಾರ. ನಾನು ಪ್ರಶ್ನೆ ಕೇಳಿದ್ದು ಫೆಬ್ರುವರಿಯ ಮೊದಲ ಬುಧವಾರ, ಸಂಜೆ ಐದು ಹತ್ತಕ್ಕೆ, ಅವಳ ಮನೆಯ ಮುಂದಿನ ಕೋಣೆಯಲ್ಲಿ. ಮೇಜಿನ ಮೇಲೆ ಎರಡು ಲೋಟ ಕಾಫಿ ಇತ್ತು. ಪ್ರಶ್ನೆ ನನಗೆ ಅಕ್ಷರಶಃ ನೆನಪಿದೆ: "ನಾವಿಬ್ಬರೂ ಮದುವೆ ಆಗಬಹುದಾ?" ಆಮೇಲೆ ಅವಳ ತುಟಿ ಅಲ್ಲಾಡಿದ್ದೂ ನೆನಪಿದೆ. ಅಷ್ಟರಲ್ಲಿ ಕಿಟಕಿಯ ಬಳಿ ತೂಗುಹಾಕಿದ್ದ ಗಿಡದ ಮೂರನೆಯ ಹೂಜಿ 'ಗುಳುಕ್' ಅಂದಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಾಫಿ ಕೆನೆಗಟ್ಟಿತ್ತು. ಕುಡಿದೆವು.

ಹೂಜಿಗಿಡ ನಮ್ಮೂರಿನ ಮನೆಮನೆಯಲ್ಲೂ ಇದೆ. ಎಲೆಯ ತುದಿಯಿಂದ ಒಂದು ಎಳೆ ಕೆಳಗಿಳಿದು, ಅದರ ತುದಿ ಉಬ್ಬಿ, ಗೇಣುದ್ದದ ಹೂಜಿಯಾಗುತ್ತದೆ. ಒಳಗೆ ಎರಡು ಬೆರಳಷ್ಟು ಅಂಟುನೀರು. ನೊಣ, ಇರುವೆಗಳು ಅಂಚಿನ ಸಿಹಿಗೆ ಬಂದು, ಜಾರಿ ಬಿದ್ದು, ಆ ನೀರಿನಲ್ಲಿ ಕರಗುತ್ತವೆ. ಹುಳ ಬಿದ್ದ ಕೂಡಲೇ ಮುಚ್ಚಳ ತಟ್ಟನೆ ಮುಚ್ಚಿಕೊಳ್ಳುತ್ತದೆ ಎಂದು ಹೊರಗಿನ ಪತ್ರಿಕೆಗಳು ಬರೆಯುತ್ತವೆ. ಮುಚ್ಚಿಕೊಳ್ಳುವುದಿಲ್ಲ. ಅದು ಮಳೆನೀರಿಗೆ ಅಡ್ಡ ಹಿಡಿದ ಕೊಡೆ, ಇದ್ದಲ್ಲೇ ಇರುತ್ತದೆ. ನೊಣಗಳ ಜೊತೆಗೆ ಪ್ರತಿ ಹೂಜಿಯೂ ತನ್ನ ಜೀವಮಾನದಲ್ಲಿ ಒಂದು ವಾಕ್ಯ ನುಂಗುತ್ತದೆ. ಒಂದೇ ಒಂದು. ಯಾವುದನ್ನು ಯಾಕೆ ನುಂಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನುಂಗಿದ ಆ ವಾಕ್ಯ ಹೇಳಿದವರಿಗೂ ಮರೆತುಹೋಗುತ್ತದೆ, ಕೇಳಿದವರಿಗೂ ಮರೆತುಹೋಗುತ್ತದೆ. ಮೂರು ನಾಲ್ಕು ತಿಂಗಳಿಗೆ ಹೂಜಿ ತಾನಾಗಿ ಒಣಗಿದ ಮೇಲೆ ಕತ್ತರಿಸಿ ಸೀಳಿದರೆ ವಾಕ್ಯ ಒಮ್ಮೆ ಕೇಳಿಸುತ್ತದೆ, ಹೇಳಿದವರದೇ ದನಿಯಲ್ಲಿ, ಪಕ್ಕದ ಕೋಣೆಯಿಂದ ಬಂದ ಹಾಗೆ. ಅದನ್ನು ನಮ್ಮಲ್ಲಿ ಹೂಜಿ ಬಿಚ್ಚುವುದು ಎನ್ನುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಡಾಕ್ಟರು ಔಷಧಿಯ ಪ್ರಮಾಣವನ್ನು ಅಂಗಳದಲ್ಲಿ ನಿಂತು ಹೇಳುತ್ತಾರೆ. ಹೆಣ್ಣು ಗಂಡಿನ ಮಾತುಕತೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಡೆಯುತ್ತದೆ. ಜಗಳವನ್ನು ಮಾತ್ರ ಮನೆಯೊಳಗೆ, ಗಿಡದ ಎದುರಿಗೇ ಆಡುತ್ತಾರೆ. ಒಂದಾದರೂ ಕೆಟ್ಟ ಮಾತು ಕಡಿಮೆಯಾಗಲಿ ಎಂದು. ಆದರೆ ಗಿಡಕ್ಕೆ ಅಂಥ ವಿವೇಚನೆ ಇಲ್ಲ. ನಮ್ಮ ವಾರಪತ್ರಿಕೆ ಒಂದು ವರ್ಷ ಬಿಚ್ಚಿದ ಇನ್ನೂರ ಹನ್ನೆರಡು ಹೂಜಿಗಳ ಲೆಕ್ಕ ಇಟ್ಟಿತ್ತು. 'ಊಟ ಆಯ್ತಾ' ಎಂಬರ್ಥದ್ದು ಎಪ್ಪತ್ತಮೂರು, 'ಬಾಗಿಲು ಹಾಕು' ನಲವತ್ತು, 'ಎಲ್ಲಿಟ್ಟೆ' ಮೂವತ್ತೊಂದು, ಬೈಗುಳ ಇಪ್ಪತ್ತಾರು, ಬಾಕಿ ನಲವತ್ತೆರಡು ಚಿಲ್ಲರೆ. ಆ ಲೆಕ್ಕ ಮಾಡಿದವನು ನಾನೇ. ಅದನ್ನು ನಾನೇ ನೆನಪಿಟ್ಟುಕೊಳ್ಳಬೇಕಿತ್ತು.

ಪತ್ರಿಕೆಯಲ್ಲಿ ನಾನು ಉಪಸಂಪಾದಕ, ನನ್ನ ಕೆಲಸ ನಾಲ್ಕನೆಯ ಪುಟದ 'ತಿದ್ದುಪಡಿ' ಅಂಕಣ. ಹೂಜಿ ಬಿಚ್ಚಿದಾಗ ಹಿಂದೆ ಅಚ್ಚಾದ ಸುದ್ದಿಗೆ ವಿರುದ್ಧವಾದ ಮಾತು ಬರುವುದುಂಟು. ಹಾಗೆ ಬಂದರೆ ಯಾವ ಸಂಚಿಕೆ, ಯಾವ ಸಾಲು, ಹೇಗೆ ಓದಿಕೊಳ್ಳಬೇಕು ಎಂದು ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡಿದ್ದೇನೆ. ನನ್ನ ಮನೆಯಲ್ಲಿ ಮಾತ್ರ ಹೂಜಿಗಿಡ ಇರಲಿಲ್ಲ. ಊರಿನ ಮರೆವನ್ನೆಲ್ಲ ತಿದ್ದುವವನು ತಾನೂ ಮರೆತರೆ ಹೇಗೆ ಎಂದು ಇಟ್ಟುಕೊಂಡಿರಲಿಲ್ಲ. ಇದರಿಂದ ಒಂದು ತೊಂದರೆಯಾಯಿತು. ನಮ್ಮೂರಿನ ಆರು ವರ್ಷದ ಮಗುವೂ ಮುಖ್ಯವಾದ ಮಾತು ಆಡುವ ಮೊದಲು ಒಮ್ಮೆ ಸುತ್ತ ನೋಡಿ, ಗಿಡ ಎಲ್ಲಿದೆ ಎಂದು ಗಮನಿಸುತ್ತದೆ. ನನಗೆ ಆ ಅಭ್ಯಾಸ ಇರಲಿಲ್ಲ.

ವನಮಾಲಾ ಕನ್ನಡಕದ ಅಂಗಡಿ ನಡೆಸುತ್ತಾಳೆ. ನನಗೆ ನಲವತ್ಮೂರು, ಅವಳಿಗೆ ಮೂವತ್ತೊಂಬತ್ತು. ಕರಡು ತಿದ್ದುವಾಗ ಸಣ್ಣ ಅಕ್ಷರ ಮಸುಕಾಗತೊಡಗಿದ್ದರಿಂದ ಅವಳ ಅಂಗಡಿಗೆ ಹೋದೆ. ಗೋಡೆಯ ಪಟದ ಕೊನೆಯ ಸಾಲು ಓದಲು ಹೇಳಿದಳು. ಓದಿದೆ. ಮೇಲಿನಿಂದ ಮೂರನೆಯ ಸಾಲು ಸ್ವಲ್ಪ ಓರೆಯಾಗಿ ಅಚ್ಚಾಗಿದೆ ಎಂದೂ ಹೇಳಿದೆ. "ಹನ್ನೊಂದು ವರ್ಷದಿಂದ ಈ ಪಟ ಇಲ್ಲಿದೆ. ನೀವೇ ಮೊದಲನೆಯವರು," ಎಂದು ಅಳತೆಪಟ್ಟಿ ತಂದು ಹಿಡಿದು ನೋಡಿದಳು. ಎರಡು ಮಿಲಿಮೀಟರ್ ಓರೆಯಿತ್ತು. ಆಮೇಲೆ ನನ್ನ ಕನ್ನಡಕದ ಕಾಲು ಪದೇಪದೇ ಸಡಿಲವಾಗತೊಡಗಿತು. ಅಂಗಡಿ ಬಾಗಿಲು ಹಾಕಿದ್ದಾಗ ಮನೆಗೇ ಹೋಗುತ್ತಿದ್ದೆ. ಮನೆಯಲ್ಲಿ ಅವಳ ಸೋದರತ್ತೆ ನೀಲಮ್ಮ ಇದ್ದರು. ಅವರಿಗೆ ಎಡಗಿವಿ ಕೇಳುವುದಿಲ್ಲ, ಬಲಗಿವಿ ಬೇಕಾದಾಗ ಕೇಳುತ್ತದೆ.

ನಾನು ಆ ಪ್ರಶ್ನೆ ಕೇಳಿದ ಮರುದಿನ ಪುರಸಭೆಯ ಹೂಜಿ ಇನ್‌ಸ್ಪೆಕ್ಟರ್ ಓಂಕಾರಪ್ಪ ನಮೂನೆ ಹಿಡಿದುಕೊಂಡು ವನಮಾಲಾ ಮನೆಗೆ ಬಂದರು. ನನ್ನನ್ನೂ ಕರೆಸಿದರು.

"ನುಂಗಿದ್ದು ಏನ್ರೀ? ಪ್ರಶ್ನೆನಾ, ಉತ್ತರನಾ, ಇತರೆನಾ? ಒಂದಕ್ಕೆ ಗುರುತು ಹಾಕಿ."

"ಉತ್ತರ," ಎಂದೆ.

"ಖಾತ್ರಿನಾ?"

"ಪ್ರಶ್ನೆ ನನಗೆ ನೆನಪಿದೆ. ಅದಾದ ಮೇಲೆ ಇವರು ಬಾಯಿ ತೆರೆದದ್ದು ಕಂಡಿದ್ದೇನೆ. ಪ್ರಶ್ನೆ ಆದ ಮೇಲೆ ಬರೋದು ಉತ್ತರ ತಾನೇ?"

ಓಂಕಾರಪ್ಪ ವನಮಾಲಾಳ ಕಡೆ ನೋಡಿದರು. "ನಂಗೆ ಬಾಯಿ ತೆರೆದಿದ್ದಷ್ಟೇ ನೆನಪು," ಎಂದಳು. ನಾನು 'ಉತ್ತರ' ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿದೆ.

"ಅಯ್ಯೋ ನಿನ್ನ," ಎಂದರು ನೀಲಮ್ಮ. "ಊರಲ್ಲಿ ಇಷ್ಟು ರಸ್ತೆ ಇದಾವೆ. ಒಂದು ರಸ್ತೆ ಮೇಲೆ ನಿಂತು ಕೇಳಾಕೆ ಏನಾಗಿತ್ತು?"

ಮತ್ತೆ ಕೇಳಿದರಾಯಿತು ಎಂದು ಹೊರಗಿನವರು ಅಂದುಕೊಳ್ಳಬಹುದು. ನಮ್ಮಲ್ಲಿ ಹಾಗೆ ಕೇಳುವಂತಿಲ್ಲ. ಹಿಂದೆ ಇಬ್ಬರು ಅಣ್ಣತಮ್ಮಂದಿರು ಒಂದು ಬಾವಿಯ ವಿಚಾರಕ್ಕೆ ಹಾಗೆ ಮಾಡಿದ್ದರು. ಅಣ್ಣನ ಮಾತನ್ನು ಹೂಜಿ ನುಂಗಿತು. ತಮ್ಮ ಮತ್ತೆ ಕೇಳಿದ. ಅಣ್ಣ ಯೋಚಿಸಿ, ಅರ್ಧರ್ಧ ಎಂದ. ಬಾವಿಯ ನಡುವೆ ಗೋಡೆ ಎಬ್ಬಿಸಿದರು. ಮೂರು ತಿಂಗಳಾದ ಮೇಲೆ ಹೂಜಿ ಬಿಚ್ಚಿದಾಗ, "ಬಾವಿ ಪೂರ್ತಿ ನೀನೇ ಇಟ್ಕೋ, ನಂಗ್ಯಾಕೆ," ಎಂಬ ಮಾತು ಬಂತು. ನಾನು ಮೂರು ತಿದ್ದುಪಡಿ ಹಾಕಬೇಕಾಯಿತು. ಗೋಡೆ ಈಗಲೂ ಇದೆ. ಅಂದಿನಿಂದ ಪುರಸಭೆಯ ನಿಯಮ ಹೀಗೆ: ಹೂಜಿ ಬಿಚ್ಚುವತನಕ ಆ ಪ್ರಶ್ನೆ ಮತ್ತೆ ಎತ್ತಬಾರದು. ಬಿಚ್ಚಿದ ಮಾತೇ ಖಾಯಂ. ಒಣಗುವ ಮೊದಲೇ ಹೂಜಿ ಕೊಳೆತುಹೋದರೆ ಆ ಪ್ರಶ್ನೆ ಅಲ್ಲಿಗೆ ರದ್ದು, ಜನ್ಮದಲ್ಲಿ ಮತ್ತೆ ಕೇಳುವಂತಿಲ್ಲ. ಮತ್ತು ಗಿಡವನ್ನು ಅಲ್ಲಿಯವರೆಗೆ ಸಾಕಬೇಕಾದವರು ಪ್ರಶ್ನೆ ಕೇಳಿದವರೇ, ತಮ್ಮ ಮನೆಯಲ್ಲಿ. ಗಿಡದ ಮನೆಯವರು ವಾರಕ್ಕೊಮ್ಮೆ ಬಂದು ನೋಡಿಹೋಗಬೇಕು.

ಹೀಗೆ ಗಿಡವೆಂದರೆ ತುಳಸಿಗೂ ಸರಿಯಾಗಿ ನೀರು ಹಾಕದ ನಾನು, ನನ್ನ ಮುಂದಿನ ಬದುಕನ್ನು ಒಂದು ಕುಂಡದಲ್ಲಿ ಇಟ್ಟುಕೊಂಡು, ಸೈಕಲ್ಲಿನ ಹಿಡಿಗೆ ತೂಗುಹಾಕಿ, ಮುಖ್ಯರಸ್ತೆಯಲ್ಲಿ ತಳ್ಳಿಕೊಂಡು ಹೊರಟೆ. ನಮ್ಮೂರಿನಲ್ಲಿ ಒಬ್ಬ ಗಂಡಸು ಇನ್ನೊಂದು ಮನೆಯ ಹೂಜಿಗಿಡ ಒಯ್ಯುತ್ತಿದ್ದರೆ ಬೇರೆ ಸುದ್ದಿ ಬೇಕಾಗಿಲ್ಲ. ಹೋಟೆಲಿನ ರುದ್ರಯ್ಯ ಗಲ್ಲಾಪೆಟ್ಟಿಗೆಯಿಂದ ಎದ್ದೇ ಬಂದರು.

"ಏನ್ ಹಾಲಪ್ಪಣ್ಣ, ಯಾರ ಮನೆ ಗಿಡ?"

"ಕನ್ನಡಕದಂಗಡಿಯವರದು."

"ಓಹೋ! ಹಂಗಾದ್ರೆ ಕಣ್ಣು ಈಗ ಚೆನ್ನಾಗಿ ಕಾಣ್ತಾ ಇದಾವೆ."

ಗಿಡ ಸಾಕುವ ಕ್ರಮವನ್ನು ನೀಲಮ್ಮ ಹೇಳಿದರು, ನಾನು ಬರೆದುಕೊಂಡೆ. ಕುಂಡದಲ್ಲಿ ಮಣ್ಣು ಬೇಡ. ತೆಂಗಿನ ನಾರು, ಇದ್ದಿಲ ಚೂರು, ಪಾಚಿ ಸಾಕು. ಗೊಬ್ಬರ ಸುತರಾಂ ಬೇಡ. ನಲ್ಲಿ ನೀರು, ಕೊಳವೆಬಾವಿಯ ನೀರು ಬೇಡ, ಅದರಲ್ಲಿನ ಸುಣ್ಣ ಬೇರು ಸುಡುತ್ತದೆ, ಮಳೆನೀರು ಮಾತ್ರ. ಬುಡ ಒದ್ದೆಯಾಗಿರಬೇಕು, ನೀರಲ್ಲಿ ನಿಂತಿರಬಾರದು. ಬೆಳಕು ಧಾರಾಳ ಬೇಕು, ಮಧ್ಯಾಹ್ನದ ಬಿಸಿಲು ಬೇಡ. ಹೂಜಿಯೊಳಗಿನ ನೀರು ಚೆಲ್ಲಬಾರದು, ಸೇರಿಸಲೂಬಾರದು.

"ಇದು ಬಡವರ ಗಿಡ ಕಣಪ್ಪ," ಎಂದರು. "ಚೆನ್ನಾಗಿ ಹಾಕ್ತೀನಿ ಅಂತ ಹೋದ್ರೆ ಸತ್ತೋಗ್ತದೆ. ಗೊಬ್ಬರ ಹಾಕ್ಬೇಡ, ತಿನ್ನಾಕೆ ಕೊಡ್ಬೇಡ, ಜಾಸ್ತಿ ಪ್ರೀತಿ ಮಾಡ್ಬೇಡ."

"ಪ್ರೀತಿ ಮಾಡಬಾರದಾ?"

"ಅಂಥೋರ ಕೈಲೇ ಇದು ಸಾಯೋದು."

ನನ್ನ ಮನೆಯಲ್ಲಿ ಗಿಡಕ್ಕೆ ತಕ್ಕ ಜಾಗ ಪೂರ್ವದ ಕಿಟಕಿ ಒಂದೇ. ಅದು ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಹಿಂದೆ ಇದ್ದವರು ಬಟ್ಟೆ ಗೋದಾಮು ಮಾಡಿಕೊಂಡಿದ್ದರಂತೆ, ಅವರಿಗೆ ಬೆಳಕು ಬೇಕಿರಲಿಲ್ಲ. ಮೊದಲ ಬುಧವಾರ ಅಂಗಡಿ ಮುಚ್ಚಿ ಗಿಡ ನೋಡಲು ಬಂದ ವನಮಾಲಾ, ಗಿಡಕ್ಕಿಂತ ಮೊದಲು ಕಿಟಕಿ ನೋಡಿದಳು. "ಇದು ಕಿಟಕಿನಾ, ಟಿಕೆಟ್ ಕೌಂಟರ್ರಾ?" ಎಂದಳು. ಆಮೇಲೆ ಎಲೆ ಎಣಿಸಿದಳು. ನಾನು ಕಾಫಿ ಮಾಡಿದೆ. ಇಪ್ಪತ್ತು ನಿಮಿಷ ಕೂತಳು. ಗಿಡದಲ್ಲಿ ಆಗ ಇದ್ದದ್ದು ಮೂರು ಹೂಜಿ. ಮೊದಲೆರಡು ಈ ಮೊದಲೇ ತಮ್ಮ ಪಾಲಿನ ವಾಕ್ಯ ನುಂಗಿದ್ದವು, ಮೂರನೆಯದು ನಮ್ಮದು. ಹಾಗಾಗಿ ಹೊಸದು ಬಾಯಿ ತೆರೆಯುವವರೆಗೆ ಗಿಡದ ಎದುರು ಮಾತಾಡಲು ಭಯವಿರಲಿಲ್ಲ. ಮಾತಾಡಿದೆವು. ಆ ಒಂದು ಪ್ರಶ್ನೆ ಬಿಟ್ಟು ಮಿಕ್ಕಿದ್ದೆಲ್ಲ.

ನಾಲ್ಕನೆಯ ಬುಧವಾರ ಮೊದಲ ಹೂಜಿ ಒಣಗಿತ್ತು. ಕತ್ತರಿಸಿ ಸೀಳಿದೆವು. ನೀಲಮ್ಮನ ದನಿ ಕೇಳಿತು: "ಆ ಪೇಪರಿನವನು ಇವತ್ತೂ ಬಂದ ನೋಡೇ, ಅವನ ಕನ್ನಡಕ ಇನ್ನೆಷ್ಟು ಸಲ ಸಡಿಲ ಆಗ್ತದೆ?"

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ವನಮಾಲಾ ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನಕ್ಕಳು. "ಸ್ಕ್ರೂ ನೀವೇ ಬಿಚ್ಚಿಕೊಂಡು ಬರ್ತಿದ್ರಿ ಅಂತ ನಂಗೆ ಎರಡನೇ ಸಲವೇ ಗೊತ್ತಾಗಿತ್ತು," ಎಂದಳು. "ಉಗುರಿನ ಗುರುತು ಇತ್ತು."

ಎರಡನೆಯ ಹೂಜಿಯಿಂದ 'ಬಾಗಿಲು ಹಾಕು' ಬಂತು. ನಲವತ್ತೊಂದು ಎಂದು ಬರೆದುಕೊಂಡೆ.

ಆರನೆಯ ವಾರ ಅವಳು ಕೊಟ್ಟಿದ್ದ ಮಳೆನೀರು ಮುಗಿಯಿತು. ಏಪ್ರಿಲ್‌ಗೆ ಮೊದಲು ಮೋಡ ಕಾಣುವ ಲಕ್ಷಣ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರು ಸಿಗುತ್ತದೆ, ಅದರಲ್ಲಿ ಸುಣ್ಣ ಇರುವುದಿಲ್ಲ. ಅದನ್ನು ತಂದು ಹಾಕಿದೆ. "ಪೇಪರಿನ ಬುದ್ಧಿ ಒಂದಕ್ಕಾದ್ರೂ ಬಂತು," ಎಂದು ನೀಲಮ್ಮ ಹೇಳಿ ಕಳಿಸಿದರು. ಏಳನೆಯ ವಾರ ನಾಲ್ಕನೆಯ ಹೂಜಿ ಬಾಯಿ ತೆರೆಯಿತು. ಅಂದಿನಿಂದ ಕಾಫಿ ಲೋಟ ಹಿಡಿದುಕೊಂಡು ಹೊಸ್ತಿಲಿನಾಚೆ ಮೆಟ್ಟಿಲ ಮೇಲೆ ಕೂರತೊಡಗಿದೆವು. ಅವಳ ಇಪ್ಪತ್ತು ನಿಮಿಷ ಆ ಹೊತ್ತಿಗೆ ಒಂದು ಗಂಟೆಯಾಗಿತ್ತು. ಗಡಿಯಾರ ನೋಡಿ ಹೇಳುತ್ತಿದ್ದೇನೆ.

ಪತ್ರಿಕೆಯಲ್ಲಿ ಸಂಪಾದಕ ಚಿದಾನಂದ ದಿನಾ ಬೆಳಿಗ್ಗೆ ಕೇಳುತ್ತಿದ್ದರು: "ಹೂಜಿ ಹೆಂಗಿದೆಯಪ್ಪ?" ಮೊದಮೊದಲು ಬೇರೆಯವರು ನಗುತ್ತಿದ್ದರು. ಆಮೇಲೆ ಎಲ್ಲರೂ ನಿಜವಾಗಿಯೇ ಕೇಳತೊಡಗಿದರು.

ಕೆಟ್ಟದ್ದು ಎಂಟನೆಯ ವಾರ. ನಾನು ದಿನಾ ಬೆಳಿಗ್ಗೆ ಅಚ್ಚುಕೂಟದ ಉಕ್ಕಿನ ಸ್ಕೇಲನ್ನು ಹೊರಗಿನಿಂದ ಹಿಡಿದು, ಬೆಳಕಿಗೆ ಅಡ್ಡವಾಗಿ ಮೂರನೆಯ ಹೂಜಿಯ ನೀರಿನ ಮಟ್ಟ ನೋಡುತ್ತಿದ್ದೆ. ಮೂವತ್ತೊಂದು ಮಿಲಿಮೀಟರ್ ಇದ್ದದ್ದು ಇಪ್ಪತ್ತನಾಲ್ಕಕ್ಕೆ ಇಳಿದಿತ್ತು. ಕಿಟಕಿಗೆ ಜಾಲರಿ ಇದ್ದುದರಿಂದ ನನ್ನ ಮನೆಯಲ್ಲಿ ನೊಣ ಕಡಿಮೆ. ಗಿಡ ಉಪವಾಸ ಇದೆ, ಸೊರಗುತ್ತಿದೆ ಎಂದು ತೀರ್ಮಾನಿಸಿದೆ. ಹಿತ್ತಲಿನಲ್ಲಿ ಎರಡು ಮಿಡತೆ ಹಿಡಿದು ಹೂಜಿಗೆ ಹಾಕಿದೆ. ಅಂಕಿ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ನನ್ನ ವೃತ್ತಿಯಲ್ಲಿ ಇದು ಹೆಚ್ಚಾಗಿ ಆಗುವ ತಪ್ಪು.

ಐದು ದಿನಕ್ಕೆ ಹೂಜಿಯ ಬುಡ ಕಂದಿತು. ಮುಚ್ಚಳದಿಂದ ಕೆಳಕ್ಕೆ ಕಂದಿದರೆ ಅದು ಒಣಗುವುದು; ಬುಡದಿಂದ ಮೇಲಕ್ಕೆ ಕಂದಿದರೆ ಕೊಳೆಯುವುದು. ಒಂಬತ್ತನೆಯ ಬುಧವಾರ, ಅರವತ್ತಮೂರನೆಯ ದಿನ, ವನಮಾಲಾ ಬಾಗಿಲಲ್ಲೇ ಮೂಗು ಹಿಡಿದಳು.

"ಏನ್ ಹಾಕಿದ್ರಿ?"

"ಎರಡು ಮಿಡತೆ."

"ಯಾಕೆ?"

"ನೀರು ಏಳು ಮಿಲಿಮೀಟರ್ ಇಳಿದಿತ್ತು. ಹಸಿವು ಅಂತ…"

"ಬೇಸಿಗೇರೀ! ನಿಮ್ಮ ಮನೆ ಮಡಕೇಲೂ ಇಳಿದಿರುತ್ತೆ. ಅದಕ್ಕೂ ಮಿಡತೆ ಹಾಕಿದ್ರಾ?"

ಅವಳು ಅಂಗಡಿಗೆ ವಾಪಸು ಹೋಗಿ, ಕನ್ನಡಕದ ಸ್ಕ್ರೂ ಎತ್ತುವ ಸಣ್ಣ ಚಿಮುಟ ತಂದಳು. ನನ್ನ ಕೈಯಲ್ಲಿ ಟಾರ್ಚು ಕೊಟ್ಟಳು. ಹೂಜಿಯನ್ನು ಒಂದು ಬೆರಳಿಂದ ಆಧರಿಸಿ, ನೀರು ಚೆಲ್ಲದಂತೆ, ಗೋಡೆ ತಾಗದಂತೆ, ಕೊಳೆತ ಮಿಡತೆಯನ್ನು ಕಾಲು, ರೆಕ್ಕೆ, ಹೊಟ್ಟೆ ಎಂದು ಬಿಡಿಬಿಡಿಯಾಗಿ ಹೊರತೆಗೆದಳು. ಎರಡನೆಯದನ್ನೂ ತೆಗೆದಳು. ಇಪ್ಪತ್ತೈದು ನಿಮಿಷ ಹಿಡಿಯಿತು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಅವಳು ಹಾಗೇ ಬಿಟ್ಟಿದ್ದರೆ ಎರಡು ದಿನದಲ್ಲಿ ಹೂಜಿ ಕಳಚಿ ಬೀಳುತ್ತಿತ್ತು, ಪ್ರಶ್ನೆ ರದ್ದಾಗುತ್ತಿತ್ತು, ಅವಳು ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಇದನ್ನು ನಾನು ಗಮನಿಸಿದೆ. ಒಮ್ಮೆ ತೀರ್ಮಾನ ಮಾಡಿ ಮಿಡತೆ ಹಾಕಿದ್ದವನು, ಈ ಸಲ ತೀರ್ಮಾನ ಮಾಡಲಿಲ್ಲ.

ಅವಳು ಕೈ ತೊಳೆದು ಬಂದು ಬುಡದ ಮೇಲೆ ಬೆಳಕು ಸರಿಯಾಗಿ ಬೀಳುತ್ತಿದೆಯೇ ಎಂದು ಬಗ್ಗಿ ನೋಡಿದಳು. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲಿತ್ತು. ನನ್ನ ಕಡೆ ತಿರುಗದೆ ಏನೋ ಹೇಳಿದಳು. ಗುಳುಕ್. ನಾಲ್ಕನೆಯ ಹೂಜಿ.

"ಅಯ್ಯೋ," ಎಂದಳು. "ಏನ್ ಹೇಳ್ದೆ?"

"ಗೊತ್ತಿಲ್ಲ."

"ಮುಖ್ಯವಾದ್ದಾ?"

"ಮುಖ್ಯವಾದ್ದು ಅಂತ ಅನ್ನಿಸಲಿಲ್ಲ. ಚೌಕಟ್ಟಿನ ಧೂಳು ಒರೆಸ್ತಾ ಹೇಳಿದ್ರಿ."

ನಿಯಮದ ಪ್ರಕಾರ ಓಂಕಾರಪ್ಪನ ನಮೂನೆಯಲ್ಲಿ ಅದನ್ನೂ ದಾಖಲಿಸಿದೆ. ನಾಲ್ಕನೆಯ ಹೂಜಿ, ನುಂಗಿದ್ದು: ಯಾರೂ ಏನೂ ಕೇಳಿರಲಿಲ್ಲವಾದ್ದರಿಂದ, 'ಇತರೆ'.

ಮೂರನೆಯ ಹೂಜಿಯ ಬುಡ ಚೇತರಿಸಿಕೊಂಡಿತು. ಕಂದಿದ ಕಲೆ ಒಂದು ನಾಣ್ಯದಗಲ ಉಳಿಯಿತು, ಹರಡಲಿಲ್ಲ. ಏಪ್ರಿಲ್ ಕೊನೆಗೆ ಒಂದು ಅಡ್ಡ ಮಳೆ ಬಂತು. ಬಾಣಲಿ, ಬಕೆಟ್ಟು, ಅಡುಗೆಯ ತಪ್ಪಲೆಗಳನ್ನೆಲ್ಲ ಅಂಗಳದಲ್ಲಿಟ್ಟು ನೀರು ಹಿಡಿದೆ. ಹದಿನಾಲ್ಕನೆಯ ವಾರ ಮುಚ್ಚಳದ ಅಂಚು ಕಾಗದದಂತಾಯಿತು. ಒಣಗುವಿಕೆ ದಿನಕ್ಕೆ ಸುಮಾರು ಎಂಟು ಮಿಲಿಮೀಟರಿನಂತೆ ಕೆಳಗಿಳಿಯಿತು. ಸರಿಯಾದ ದಿಕ್ಕಿನಲ್ಲೇ.

ಹದಿನಾರನೆಯ ಬುಧವಾರ ಮೆಟ್ಟಿಲ ಮೇಲೆ ಕೂತಿದ್ದಾಗ, ಅಲ್ಲಿಯವರೆಗೆ ಇಬ್ಬರೂ ಸುತ್ತಿ ಹೋಗುತ್ತಿದ್ದ ಮಾತು ಎದುರಿಗೇ ಬಂತು.

"ಮುಂದಿನ ವಾರ ಬಿಚ್ಚಬಹುದು ಅಂತ ಓಂಕಾರಪ್ಪ ಅಂದ್ರು," ಎಂದೆ.

"ಹೂಂ." ಲೋಟ ತಿರುಗಿಸುತ್ತಿದ್ದಳು. "ನಾನು ಏನ್ ಹೇಳಿದ್ನೋ ನಂಗೇ ಗೊತ್ತಿಲ್ಲ. ಅವತ್ತಿನ ವನಮಾಲಾ ಹೇಳಿದ್ದು. ಅವಳಿಗೆ ನಿಮ್ಮ ಬಗ್ಗೆ ಗೊತ್ತಿದ್ದದ್ದು ಏನು? ಸ್ಕ್ರೂ ಬಿಚ್ಚಿಕೊಂಡು ಬರೋ ಮನುಷ್ಯ ಅಂತ. ಅಷ್ಟೇ."

"ಅವಳು ಬೇಡ ಅಂದಿದ್ದರೆ?"

"ಬಿಚ್ಚಿದ ಮಾತೇ ಖಾಯಂ ಅಲ್ವಾ? ನಿಮ್ಮ ಪೇಪರ್ನಲ್ಲೇ ವರ್ಷಕ್ಕೆರಡು ಸಲ ಹಾಕ್ತೀರಿ."

"ಈಗಿನ ವನಮಾಲಾ ಏನಂತಾಳೆ?"

"ಕೇಳಬಾರದು ರೀ ಅದು," ಎಂದು ಎದ್ದಳು. ಆದರೆ ಗೇಟಿನವರೆಗೆ ಹೋದವಳು ನಿಂತಳು. "ಒಂದು ಮಾತು. ಆ ಮಿಡತೆ ತೆಗೀಬಾರದಿತ್ತೇನೋ ಅಂತ ಈ ವಾರ ಎರಡು ಸಲ ಅನ್ನಿಸ್ತು. ಬೇಡ ಅಂದಿರ್ತೀನಿ ಅನ್ನೋ ಭಯಕ್ಕೆ." ನಾನು ಏನಾದರೂ ಹೇಳುವ ಮೊದಲೇ ಹೊರಟುಹೋದಳು.

ಹೂಜಿ ಬಿಚ್ಚಿದ್ದು ಜೂನ್ ಮೊದಲ ಬುಧವಾರ, ನೂರ ಹತ್ತೊಂಬತ್ತನೆಯ ದಿನ, ಸಂಜೆ ನಾಲ್ಕೂವರೆಗೆ, ನನ್ನ ಮನೆಯಲ್ಲಿ. ಹಾಜರಿದ್ದವರು: ವನಮಾಲಾ, ನೀಲಮ್ಮ, ಓಂಕಾರಪ್ಪ, ನಾನು. ಹೊರಗೆ ಮೋಡ ಕವಿದಿತ್ತು. ಓಂಕಾರಪ್ಪ ಹೂಜಿಯನ್ನು ಬೆರಳಲ್ಲಿ ತಟ್ಟಿ ನೋಡಿ, "ಪೂರ್ತಿ ಒಣಗಿದೆ. ಯೋಗ್ಯ ಸ್ಥಿತಿ," ಎಂದು ಬರೆದುಕೊಂಡು ಕತ್ತರಿ ಕೊಟ್ಟರು. ಕತ್ತರಿಸಬೇಕಾದವನು ಕೇಳಿದವನೇ. ವನಮಾಲಾ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದಳು.

ಹೂಜಿಯನ್ನು ಉದ್ದಕ್ಕೆ ಸೀಳಿದೆ. ಅವಳ ದನಿ, ಪಕ್ಕದ ಕೋಣೆಯಿಂದ ಬಂದ ಹಾಗೆ, ಸ್ಪಷ್ಟವಾಗಿ ಕೇಳಿತು:

"ಮೊದ್ಲು ಕಾಫಿ ಕುಡೀರಿ, ಕೆನೆ ಕಟ್ತಾ ಇದೆ, ಆಮೇಲೆ ಹೇಳ್ತೀನಿ."

ನೀಲಮ್ಮ ಬಲಗಿವಿಯನ್ನು ಮುಂದೆ ಮಾಡಿದರು. "ಏನಂತೆ?"

"ಕಾಫಿ ಕುಡೀಬೇಕಂತೆ," ಎಂದರು ಓಂಕಾರಪ್ಪ.

"ಕುಡೀಲಿ ಬಿಡಿ. ಅದಕ್ಕೆ ನಾಲ್ಕು ತಿಂಗಳಾ?"

ವನಮಾಲಾ ಗೋಡೆಗೆ ಒರಗಿದಲ್ಲೇ ಜಾರಿ ಕೂತು ನಗತೊಡಗಿದಳು. ಓಂಕಾರಪ್ಪ ಕಡತ ತೆಗೆದು, ನಾನು ಸಹಿ ಹಾಕಿದ್ದ ನಮೂನೆ ಹುಡುಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಾನು ಅವತ್ತೇ ಕೇಳಿದೆ ನಿಮ್ಮನ್ನ, ಖಾತ್ರಿನಾ ಅಂತ." ಇನ್ನೂರ ಹನ್ನೆರಡು ಹೂಜಿಯ ಲೆಕ್ಕ ಬರೆದಿದ್ದ ನಾನು ತಲೆ ತಗ್ಗಿಸಿದೆ. ಅವರು 'ಉತ್ತರ' ಹೊಡೆದುಹಾಕಿ 'ಇತರೆ' ಎಂದು ಬರೆದು, ಮೊಹರು ಒತ್ತಿದರು. "ಪ್ರಶ್ನೆ ಹಂಗೇ ಇದೆ. ಮತ್ತೆ ಕೇಳಬಹುದು. ಆದ್ರೆ ಇಲ್ಲಿ ಬೇಡ ಮಹರಾಯರೇ, ಐದನೇದು ನಿನ್ನೆ ಬಾಯಿ ಬಿಟ್ಟಿದೆ."

ತಲೆ ಎತ್ತಿ ನೋಡಿದರೆ ವನಮಾಲಾ ಕೋಣೆಯಲ್ಲಿ ಇರಲಿಲ್ಲ. ಹೊರಗೆ, ರಸ್ತೆಯ ನಟ್ಟನಡುವೆ ನಿಂತಿದ್ದಳು. ಹನಿ ಬೀಳತೊಡಗಿತ್ತು. ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹತ್ತಿರದ ಹೂಜಿಗಿಡ ನಲವತ್ತು ಅಡಿ ದೂರದಲ್ಲಿತ್ತು. ಬೀದಿಯ ಆಚೆಗಿದ್ದ ರುದ್ರಯ್ಯನವರ ಹೋಟೆಲಿನ ಕಿಟಕಿಯಲ್ಲಿ ಏಳು ಮುಖಗಳಿದ್ದವು.

"ನಾವಿಬ್ಬರೂ ಮದುವೆ ಆಗಬಹುದಾ?"

"ಆಗಬಹುದು," ಎಂದಳು. ಕನ್ನಡಕದ ಮೇಲೆ ಬಿದ್ದ ಹನಿ ಒರೆಸಿಕೊಂಡಳು. "ಆದ್ರೆ ನಿಮ್ಮ ಆ ಕಿಟಕಿ ದೊಡ್ಡದು ಮಾಡಿಸ್ಬೇಕು."

ಈ ಮಾತು ನನಗೆ ಪೂರ್ತಿ ನೆನಪಿದೆ. ಏಳು ಸಾಕ್ಷಿಗಳಿಗೂ ನೆನಪಿದೆ.

ಮದುವೆ ಆಗಸ್ಟಿನಲ್ಲಿ ಆಯಿತು. ಅದಕ್ಕೆ ಮೊದಲೇ ಗಾರೆಯವನನ್ನು ಕರೆಸಿ ಕಿಟಕಿಯನ್ನು ಮೂರು ಅಡಿಗೆ ನಾಲ್ಕು ಅಡಿ ಮಾಡಿಸಿದ್ದೆ. ಗಿಡ ಅಲ್ಲೇ ಉಳಿಯಿತು, ವನಮಾಲಾ ಬಂದಳು, ನೀಲಮ್ಮ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ಬೆಳಕು ಹೆಚ್ಚಾದ ಮೇಲೆ ಹೂಜಿಗಳು ಕೆಂಪಗಾದವು, ಒಂದು ಬೆರಳು ಉದ್ದವೂ ಆದವು. ಮಳೆಗಾಲದ ತೇವಕ್ಕೆ ಎರಡು ತಿಂಗಳು ತಡವಾಗಿ, ಅಕ್ಟೋಬರಿನಲ್ಲಿ ನಾಲ್ಕನೆಯ ಹೂಜಿ ಒಣಗಿತು. ಅದನ್ನು ನಾವು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೆವು. ಓಂಕಾರಪ್ಪ ಕಡತದಲ್ಲಿ ಬಾಕಿ ಇದೆಯೆಂದು ಬಂದರು. ವನಮಾಲಾ ಚಪಾತಿ ಲಟ್ಟಿಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಸೀಳಿದೆ.

ಅವಳದೇ ದನಿ. ಬಗ್ಗಿ ನಿಂತು, ಬೇರೆಲ್ಲೋ ನೋಡುತ್ತ ಆಡಿದ್ದು:

"ನಾನು ಈ ಮನೆಗೆ ಬಂದ್ಮೇಲೆ ಮೊದ್ಲು ಈ ಕಿಟಕಿ ದೊಡ್ಡದು ಮಾಡಿಸ್ಬೇಕು."

ಅದು ಅರವತ್ತಮೂರನೆಯ ದಿನದ ಮಾತು. ಅಂದರೆ ನಾನು ನೀರಿನ ಮಟ್ಟ ಅಳೆಯುತ್ತ ಇನ್ನೂ ಐವತ್ತಾರು ದಿನ ಕಾಯುವುದಿತ್ತು.

ಓಂಕಾರಪ್ಪ ದೊಡ್ಡ ಕಿಟಕಿ ನೋಡಿದರು, ನನ್ನನ್ನು ನೋಡಿದರು, ಕಡತ ನೋಡಿದರು. ವನಮಾಲಾ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು, ಆಮೇಲೆ ಅರ್ಧಗಂಟೆ ಮುಖ ತೊಳೆಯಬೇಕಾಯಿತು. ನೀಲಮ್ಮನಿಗೆ ಈ ಸಲ ಎಲ್ಲ ಕೇಳಿಸಿತ್ತು. "ಇದನ್ನೇನು ಹೂಜಿ ಹೇಳ್ಬೇಕಾ? ಚಿಮುಟ ತಗೊಂಡು ಓಡಿದ್ಲು ಅಂತ ಕೇಳಿದಾಗಲೇ ನಂಗೆ ಗೊತ್ತಾಗಿತ್ತು," ಎಂದರು.

ಆ ವಾರದ ಸಂಚಿಕೆಯ ನಾಲ್ಕನೆಯ ಪುಟದಲ್ಲಿ, ನಾನೇ ಬರೆದು, ನಾನೇ ಕರಡು ತಿದ್ದಿ ಹಾಕಿದ್ದು ಇದು:

'ತಿದ್ದುಪಡಿ. ಪುರಸಭೆಯ ಹೂಜಿ ನಮೂನೆಯಲ್ಲಿ ಈ ಪತ್ರಿಕೆಯ ಉಪಸಂಪಾದಕರು ಫೆಬ್ರುವರಿ ಮತ್ತು ಏಪ್ರಿಲ್‌ನಲ್ಲಿ ನೀಡಿದ ಎರಡು ಹೇಳಿಕೆಗಳು ತಪ್ಪಾಗಿವೆ. ಮೂರನೆಯ ಹೂಜಿಯ ಎದುರು ಉತ್ತರ ಎಂದಿರುವಲ್ಲಿ ಇತರೆ ಎಂದೂ, ನಾಲ್ಕನೆಯ ಹೂಜಿಯ ಎದುರು ಇತರೆ ಎಂದಿರುವಲ್ಲಿ ಉತ್ತರ ಎಂದೂ ಓದಿಕೊಳ್ಳಬೇಕು.'